ಬೂವಮ್ಮನ ಗುಂಡುಕಲ್ಲು

ಅವತ್ತು ಬೆಳಗಾಗುವ ಮುಂಚೆಯೇ ಸೋನೆ ಹಿಡಿದಿತ್ತು. ಶ್ರಾವಣದ ಸೋನೆಯೆಂದರೆ ಹಾಗೇ, ಬಂತು ಅನ್ನುವುದಕ್ಕೆ ಸದ್ದಿಲ್ಲ, ನಿಂತಿತು ಅನ್ನುವುದಕ್ಕೆ ಬಿಡುವಿಲ್ಲ. ಹುಲ್ಲಿನ ತುದಿಯಲ್ಲಿ, ಬೇಲಿಯ ಮುಳ್ಳಿನಲ್ಲಿ, ಕೊಟ್ಟಿಗೆಯಿಂದ ಮುಖ ಹೊರಹಾಕಿದ್ದ ಹಸುವಿನ ರೆಪ್ಪೆಯಲ್ಲಿ ಹನಿ ಕೂತಿತ್ತು. ಗಾಳಿ ಮಾತ್ರ ಕೆರೆಯ ಕಡೆಯಿಂದ ಬೀಸುತ್ತಿತ್ತು.

ಬೈರಮಂಗಲದ ಕೆರೆಯ ಕಡೆಯಿಂದ ಗಾಳಿ ಬೀಸಿದರೆ ಸುತ್ತಲ ಹಳ್ಳಿಯವರು ಬಾಗಿಲು ಎಳೆದುಕೊಳ್ಳುತ್ತಾರೆ. ಬೆಂಗಳೂರಿನ ಬಚ್ಚಲ ನೀರು, ಅದರ ಜೊತೆಗೆ ದಾರಿಯುದ್ದಕ್ಕೂ ಯಾರ್ಯಾರು ಬಿಟ್ಟ ನೀರೋ ಬಂದು ಆ ಕೆರೆಯನ್ನು ಸೇರಿ, ಕೋಡಿಯಲ್ಲಿ ಬಿದ್ದು ನೊರೆಯೇಳುತ್ತದೆ. ನೊರೆ ಹಿಂಜಿದ ಅರಳೆಯ ಹಾಗೆ ಹಾರಿಬಂದು ರಾಗಿಯ ಪೈರಿನ ಮೇಲೆ ಕೂರುತ್ತದೆ. ಒಂದು ಕಾಲಕ್ಕೆ ಅದೇ ಕೆರೆಯ ನೀರನ್ನು ತಂದು ದೇವರ ಮೈ ತೊಳೆಯುತ್ತಿದ್ದರು ಅಂದರೆ ಈಗಿನ ಮಕ್ಕಳು ನಗುತ್ತವೆ.

ಬೋರಮ್ಮ ಹೊಸಿಲ ಮೇಲೆ ನಿಂತು, ಮೂಗೆತ್ತಿ ಗಾಳಿ ಹಿಡಿದಳು. ಕಣ್ಣಿಗೆ ಪೊರೆ ಬಂದು ಎರಡು ವರ್ಷದಿಂದ ಅವಳಿಗೆ ಮೂಗೇ ಕಣ್ಣು.

"ಗುಡ್ಡದ ಮೇಲುಗಡೆದು ಕಿತ್ಕ ಬಾ ಮಗಾ," ಅಂದಳು. "ಕಾಲುವೆ ಬದೀಲಿ ಸೊಂಪಾಗಿ ಬೆಳ್ದಿರ್ತದೆ, ಅದ್ಕೆ ಮರುಳಾಗ್ಬ್ಯಾಡ."

ಸೊಸೆ ನಯನ ತಲೆಯಾಡಿಸಿದಳೇ ಹೊರತು ಮಾತಾಡಲಿಲ್ಲ. ಮಾತಾಡುವ ಹಾಗಿರಲಿಲ್ಲ. ಔಷಧದ ಗಿಡಕ್ಕೆ ಹೊರಟವಳು ಅದನ್ನು ತಂದು ಅರೆಯುವ ಕಲ್ಲಿನ ಮೇಲೆ ಇಡುವ ತನಕ ಬಾಯಿ ಬಿಡಬಾರದು, ಯಾರು ಕರೆದರೂ ಓಗೊಡಬಾರದು. ಬುಟ್ಟಿ ತಗೊಂಡು, ತಲೆಯ ಮೇಲೆ ಗೊಬ್ಬರದ ಚೀಲ ಮಡಿಸಿ ಹಾಕಿಕೊಂಡು ಅಂಗಳಕ್ಕಿಳಿದಳು.

ಬೋರಮ್ಮ ಕಾಮಾಲೆಗೆ ಔಷಧ ಕೊಡುವವಳು. ಬಿಡದಿಯಿಂದ ಹಿಡಿದು ಮಾಗಡಿಯ ತನಕ, ಕಣ್ಣು ಹಳದಿಯಾದವರು ಭಾನುವಾರ ಬೆಳಗ್ಗೆ ಹಸಿದ ಹೊಟ್ಟೆಯಲ್ಲಿ ಅವಳ ಜಗಲಿಗೆ ಬಂದು ಕೂರುತ್ತಾರೆ. ಕೊಟ್ಟ ಔಷಧಕ್ಕೆ ಅವಳು ಕಾಸು ಮುಟ್ಟುವುದಿಲ್ಲ. ಗುಣವಾದವರು ಎಲೆ ಅಡಿಕೆ ಇಟ್ಟು ಕೈ ಮುಗಿದು ಹೋಗುತ್ತಾರೆ, ಅಷ್ಟೆ. ಆದರೆ ಆ ಭಾನುವಾರ ಬರೀ ಔಷಧದ ದಿನವಾಗಿರಲಿಲ್ಲ. ಹಳದಿ ಯಾವುದು ಬಿಳಿ ಯಾವುದು ಎಂದು ಕಾಣದ ಕಣ್ಣಿಟ್ಟುಕೊಂಡು ಕಾಮಾಲೆಗೆ ಕೊಡಬಾರದು ಎಂದು ಬೋರಮ್ಮ ತೀರ್ಮಾನ ಮಾಡಿದ್ದಳು. ರೋಗಿಗಳೆಲ್ಲ ಎದ್ದು ಹೋದ ಮೇಲೆ ಅವತ್ತು ಅವಳು ತನ್ನ ಕೈಯನ್ನು ಸೊಸೆಗೆ ಒಪ್ಪಿಸುವವಳಿದ್ದಳು.

ಕೈ ಒಪ್ಪಿಸುವುದು ಎಂದರೆ ವಿದ್ಯೆ ಹೇಳಿಕೊಡುವುದಲ್ಲ. ವಿದ್ಯೆಯನ್ನು ನಯನ ಎಂದೋ ಕಲಿತಿದ್ದಳು. ಗಿಡ ಗೊತ್ತು, ಅಳತೆ ಗೊತ್ತು, ಪಥ್ಯ ಗೊತ್ತು. ಆದರೆ ಒಬ್ಬ ರೋಗಿಯ ಬಾಯಿಗೂ ಅವಳು ಇದುವರೆಗೆ ಔಷಧ ಹಾಕಿರಲಿಲ್ಲ. ಹಾಕುವ ಹಕ್ಕು ಒಂದೇ ಕೈಗೆ. ಒಪ್ಪಿಸಿದವರ ಕೈ ಅವತ್ತಿಗೆ ಮುಚ್ಚಿತು, ಪಡೆದವರ ಕೈ ತೆರೆಯಿತು. "ಯಾಕತ್ತೆ, ಇಬ್ರು ಕೊಟ್ರೆ ಏನಾಯ್ತದೆ?" ಎಂದು ಹಿಂದೆ ಒಮ್ಮೆ ಕೇಳಿದ್ದಳು. "ಇಬ್ರು ಕೊಟ್ರೆ, ಗುಣವಾದಾಗ ನಂದು ಅಂತಾರೆ, ಕೆಟ್ಟಾಗ ನಿಂದು ಅಂತಾರೆ," ಅಂದಿದ್ದಳು ಬೋರಮ್ಮ. "ಒಂದು ಜೀವಕ್ಕೆ ಒಬ್ರೇ ಜವಾಬು ಹೇಳ್ಬೇಕು."

ಊರ ಬಾಗಿಲಲ್ಲಿ ಗಾರ್ಮೆಂಟ್ಸಿನ ವ್ಯಾನು ಕಾಯುತ್ತ ಒಂದಷ್ಟು ಹೆಂಗಸರು ನಿಂತಿದ್ದರು. ಭಾನುವಾರವೂ ಓಟಿ ಇತ್ತು. ಅವರ ನಡುವೆ ನಯನಳ ವಾರಗಿತ್ತಿ ದಿವ್ಯ, ಕೊರಳಲ್ಲಿ ಕಾರ್ಡು ನೇತುಹಾಕಿಕೊಂಡು, ಊಟದ ಡಬ್ಬಿ ಹಿಡಿದುಕೊಂಡು ನಿಂತಿದ್ದಳು. ನಯನ ಮಾತಾಡುವ ಹಾಗಿಲ್ಲವೆಂದು ಗೊತ್ತಿದ್ದೇ ಬಾಯಿ ಮಾಡಿದಳು.

"ಏನಕ್ಕಾ, ಇವತ್ತು ಪರ್ಮನೆಂಟ್ ಮಾಡ್ತರಂತೆ ನಿನ್ನ? ಸೊಪ್ಪು ಕೀಳಾಕೆ ಪಿಎಫ್ ಕೊಡ್ತಾರಾ?"

ಹೆಂಗಸರು ನಕ್ಕರು. ನಯನಳ ತುಟಿಯಲ್ಲೂ ನಗು ಬಂತು. ದಿವ್ಯಳ ಮಾತಿನಲ್ಲಿ ನಂಜಿರಲಿಲ್ಲ. ದಾಟಿ ಹೋಗುವಾಗ ಅವಳೇ ಕೈ ಚಾಚಿ, ನಯನಳ ತಲೆಯ ಮೇಲೆ ಜಾರಿದ್ದ ಚೀಲವನ್ನು ಸರಿಮಾಡಿದಳು.

ಹಾಗೆ ನೋಡಿದರೆ ಅದೇ ವ್ಯಾನಿನಲ್ಲಿ ನಯನಳಿಗೂ ಒಂದು ಸೀಟಿತ್ತು. ದಿವ್ಯಳಿಗಿಂತ ಮೊದಲು ಸೂಪರ್‌ವೈಸರು ಕರೆದದ್ದು ಅವಳನ್ನೇ. ಗಂಡ ಬಾಲರಾಜು ಬಿಡದಿಯ ಕಾರ್ಖಾನೆಯೊಂದರಲ್ಲಿ ಕಾಂಟ್ರಾಕ್ಟಿನ ಮೇಲೆ ದುಡಿಯುತ್ತಿದ್ದ. "ನೀನೂ ಹೋದ್ರೆ ಒಸಿ ಉಸಿರಾಡ್ಬೋದು" ಅಂದಿದ್ದ. ನಯನ ಒಂದು ರಾತ್ರಿಯೆಲ್ಲ ಯೋಚಿಸಿ, "ನಾನು ಅತ್ತೆ ಪಕ್ದಲ್ಲಿ ಕೂತ್ಕತೀನಿ" ಅಂದಿದ್ದಳು. ಅವಳು ಬದುಕಿನಲ್ಲಿ ತಾನಾಗಿ ಆರಿಸಿಕೊಂಡದ್ದು ಅದೊಂದೇ. ಓದು ಬಿಡಿಸಿದವರು ಅಪ್ಪ, ಮದುವೆ ಗೊತ್ತು ಮಾಡಿದವರು ಸೋದರಮಾವ. ಈ ಕಲ್ಲಿನ ಮುಂದೆ ಬಂದು ಕೂತವಳು ಮಾತ್ರ ಅವಳೇ.

ಗುಡ್ಡದ ಬುಡಕ್ಕೆ ಬಂದಾಗ ಸೋನೆ ಒಂದಿಷ್ಟು ತೆಳುವಾಯಿತು. ಸಿದ್ದಪ್ಪ ದೇವರ ಗುಡ್ಡದ ಕೆಳಗಿನ ಗೋಮಾಳಕ್ಕೆಲ್ಲ ತಂತಿ ಬಿಗಿದು, ನಂಬರು ಬರೆದ ಕಲ್ಲು ನೆಟ್ಟಿದ್ದರು. ಕುರಿಯವರು ಮೇಯಿಸಲು ಮಾಡಿಕೊಂಡಿದ್ದ ಸಂದಿಯಲ್ಲಿ ತಗ್ಗಿ ನುಸುಳಿ, ಹಾಸುಬಂಡೆಯ ಮೇಲೆ ಹತ್ತಿದಳು. ಬಂಡೆಯ ಬಿರುಕಿನ ಮಣ್ಣಿನಲ್ಲಿ ನೆಲನೆಲ್ಲಿ ಇತ್ತು. ನಿನ್ನೆ ಸಂಜೆ ಅದರ ಬುಡಕ್ಕೆ ಅರಿಶಿನದ ಅಕ್ಕಿ ಹಾಕಿ, "ನಾಳೆ ಬತ್ತೀನಿ ತಾಯಿ, ನೋವಿರೋರ ಮನೆಗೆ ಬಾ" ಎಂದು ಕರೆದು ಹೋಗಿದ್ದಳು. ಕರೆಯದೆ ಕೀಳುವ ಹಾಗಿಲ್ಲ. ಅಕ್ಕಿಯನ್ನು ಇರುವೆ ಒಯ್ದಿದ್ದವು. ಅದು ಒಪ್ಪಿಗೆ.

ಅವಳು ಕೂತು, ಗಿಡದ ಎಲೆಯನ್ನು ತಿರುವಿ ನೋಡಿದಳು. ಎಲೆಯ ಕೆಳಗೆ ಸಾಸಿವೆಯಂಥ ಕಾಯಿಯ ಸಾಲು. ಕೆಂಪು ಕಡ್ಡಿಯದು ಬಿಟ್ಟು ಹಸಿರು ಕಡ್ಡಿಯದೇ ಆಗಬೇಕು. ಈ ಭೇದ ಕಲಿಸಲು ಬೋರಮ್ಮ ಅವಳ ಕಣ್ಣಿಗೆ ಬಟ್ಟೆ ಕಟ್ಟಿ ಕೂರಿಸಿದ್ದಳು. ಒಂದು ಮಳೆಗಾಲವೆಲ್ಲ ಬರೀ ಬೆರಳಿನಲ್ಲಿ ಗಿಡ ಗುರುತಿಸುವುದೇ ಕೆಲಸ. ತಪ್ಪಿದರೆ ಬೈಗುಳವಿಲ್ಲ, "ಇನ್ನೊಂದ್ಸಲ" ಅಷ್ಟೇ. ಅದಾದ ಮೇಲೆ ಹಳದಿಯ ಪಾಠ. ಹುಚ್ಚೆಳ್ಳಿನ ಹೂವಿನ ಹಳದಿ ಬೇರೆ, ಕುಂಬಳದ ಹೂವಿನ ಹಳದಿ ಬೇರೆ, ಹೊಂಗೆ ಎಣ್ಣೆಯ ಹಳದಿ ಬೇರೆ. ಮೊದಲನೆಯದಕ್ಕೆ ಕೊಡು, ಎರಡನೆಯದಕ್ಕೆ ಯೋಚಿಸಿ ಕೊಡು, ಮೂರನೆಯದು ಕಣ್ಣಲ್ಲಿ ಕಂಡರೆ ಕೈಮುಗಿದು ಆಸ್ಪತ್ರೆಗೆ ಕಳಿಸು. "ಕೊಡಾದು ಎಲ್ರೂ ಕಲೀತಾರೆ," ಅನ್ನುತ್ತಿದ್ದಳು ಬೋರಮ್ಮ. "ಕೊಡ್ದೆ ಇರಾದು ಕಲಿ."

ಒಂದು ಗಿಡ ಕಿತ್ತು ಒಂದು ಗಿಡ ಬಿಟ್ಟು ಬುಟ್ಟಿ ತುಂಬಿಸಿಕೊಂಡು ನಯನ ಇಳಿದಳು. ಕೆಳಗೆ ಕೆರೆಯ ನೀರು ಹರಿಯುವ ಕಾಲುವೆಯ ಬದಿಯಲ್ಲಿ ಅದೇ ನೆಲನೆಲ್ಲಿ ಮೊಣಕಾಲೆತ್ತರ ಬೆಳೆದು ಕಪ್ಪಗೆ ಮಿರುಗುತ್ತಿತ್ತು. ನೋಡದ ಹಾಗೆ ದಾಟಿದಳು.

ಮನೆಗೆ ಬರುವಷ್ಟರಲ್ಲಿ ಜಗಲಿ ತುಂಬಿತ್ತು. ಕಲ್ಲಿನ ಮೇಲೆ ಗಿಡವಿಟ್ಟು, "ತಾಯಿ ಬಂದ್ಲು, ಅತ್ತೆ," ಅಂದಾಗಲೇ ಅವಳ ಮೌನ ಮುರಿದದ್ದು.

ತಿಪ್ಪಸಂದ್ರದಿಂದ ಬಂದಿದ್ದ ಹನುಮಂತಯ್ಯ ಕಂಬಕ್ಕೊರಗಿ ಕೂತಿದ್ದ. ಅವನಿಗೆ ಗುಣವಾಗಿ ಇವತ್ತು ಪಥ್ಯ ಬಿಡಿಸುವ ದಿನ. "ನಯ್ನವ್ವಾ, ಬೇಗ ಉಪ್ಪು ತಿನ್ಸಿ ಕಳ್ಸವ್ವ. ಸಪ್ಪೆ ಉಂಡೂ ಉಂಡೂ ನನ್ನೆಂಡ್ರು ಬೈಯ್ಯಾದೂ ಸಪ್ಪೆ ಅನ್ನುಸ್ತಾ ಐತೆ."

"ಅದು ಪಥ್ಯದಿಂದ ಅಲ್ಲ ಕಣೋ ಹನುಮಂತ," ಒಳಗಿಂದ ಬೋರಮ್ಮನ ದನಿ ಬಂತು. "ಅವ್ಳೂ ಬೈದು ಬೈದು ಸಾಕಾಗವ್ಳೆ."

ನಗುವಿನ ನಡುವೆ ಜಗಲಿಯ ತುದಿಯಲ್ಲಿ ಒಬ್ಬ ಹೆಂಗಸು ಮಾತ್ರ ನಗದೆ ಕೂತಿದ್ದಳು. ಕಪ್ಪು ಬುರ್ಖಾದ ಮುಸುಕು ಹಿಂದಕ್ಕೆ ಸರಿಸಿ, ತೊಡೆಯ ಮೇಲೆ ಒಂದು ಹೆಣ್ಣುಮಗುವನ್ನು ಮಲಗಿಸಿಕೊಂಡಿದ್ದಳು. ಪಕ್ಕದಲ್ಲಿ ನೀರು ಸೋರುವ ಛತ್ರಿ. ರಾಮನಗರದವಳು, ಹೆಸರು ಮಜೀದಾ, ಮಗು ಜೈನಬ್. ಮೊದಲು ರೇಷ್ಮೆ ಫಿಲೇಚರಿನಲ್ಲಿ ನೂಲು ತೆಗೆಯುತ್ತಿದ್ದಳಂತೆ. ಅದು ಮುಚ್ಚಿದ ಮೇಲೆ ಬಿಡದಿಯ ಹತ್ತಿರ ಯಾವುದೋ ಕಾರ್ಖಾನೆಯಲ್ಲಿ ಡಬ್ಬ ಪ್ಯಾಕ್ ಮಾಡುವ ಕೆಲಸ.

ಬೋರಮ್ಮ ಮಗುವಿನ ಕೈ ಹಿಡಿದು, ಉಸಿರು ಮೂಸಿ, ಹೊಟ್ಟೆಯ ಬಲಪಕ್ಕವನ್ನು ಮೆತ್ತಗೆ ಒತ್ತಿದಳು. "ಕಣ್ಣು ನೋಡೆ ನಯ್ನಾ. ಯಾವ ಹಳದಿ?"

ನಯನ ಮಗುವಿನ ಕೆಳರೆಪ್ಪೆ ಇಳಿಸಿದಳು. ಉಗುರು ನೋಡಿದಳು. "ಹುಚ್ಚೆಳ್ಳು ಹೂ, ಅತ್ತೆ."

"ಸಿದ್ದಪ್ಪ ದೊಡ್ಡೋನು. ಡಾಕ್ಟ್ರಿಗೆ ತೋರ್ಸಿದ್ಯೇನವ್ವ?"

"ತೋರ್ಸಿದೀನಿ ಅಮ್ಮಾ. ರಕ್ತ ಟೆಸ್ಟ್ ಮಾಡಿದ್ರು. ಗಾಬ್ರಿ ಇಲ್ಲ, ಮಲಗ್ಸಿ, ನೀರು ಕಾಯ್ಸಿ ಕೊಡಿ ಅಂದ್ರು."

"ಸರಿಯಾಗಿ ಹೇಳವ್ರೆ. ಅವ್ರು ಹೇಳಿದ್ದನ್ನ ಬುಡ್ಬ್ಯಾಡ. ವಾಂತಿ ನಿಲ್ನಿಲ್ಲ, ಮಗ ಮಂಕಾಯ್ತು ಅಂದ್ರೆ ನನ್ತಾವ್ಕೆ ಬರ್ಬ್ಯಾಡ, ಸೀದಾ ಆಸ್ಪತ್ರೆಗೆ ಓಡು. ನಿಮ್ಮ ಬೀದೀಲಿ ಇನ್ಯಾರ್ಗಾದ್ರೂ ಐತಾ?"

"ನಮ್ಮ ಗಲ್ಲೀಲಿ ಮನೆಗೊಬ್ರು ಅಮ್ಮಾ. ನಲ್ಲಿ ಪೈಪು ಮೋರಿ ಒಳಗೇ ಹೋಗೈತೆ."

ಬೋರಮ್ಮ ನಿಟ್ಟುಸಿರು ಬಿಟ್ಟು, ದೀಪ ಹಚ್ಚಲು ಒಳಗೆ ಹೋದಳು.

ಗಿಡ ಸೋಸುವ ಕೆಲಸದಲ್ಲಿ ರೋಗಿಯ ಮನೆಯವರೂ ಕೈ ಹಾಕಬೇಕೆಂಬುದು ಆ ಮನೆಯ ಪದ್ಧತಿ. ನಯನ ಮಜೀದಾಳ ಮುಂದೆ ಒಂದು ಹಿಡಿ ಗಿಡ ಇಟ್ಟಳು. ಕಡ್ಡಿಯಿಂದ ಎಲೆ ಬಿಡಿಸಿ ಎಂದು ಹೇಳಿಕೊಡಲು ಬಾಯಿ ತೆರೆಯುವ ಮೊದಲೇ ಮಜೀದಾಳ ಕೈ ಓಡಿತ್ತು. ಎಡಗೈಯಲ್ಲಿ ಕಡ್ಡಿಯನ್ನು ಬೇರಿನ ಕಡೆಯಿಂದ ತಲೆಕೆಳಗಾಗಿ ಹಿಡಿದು, ಬಲಗೈಯ ಹೆಬ್ಬೆರಳನ್ನು ಬೇರಿನಿಂದ ತುದಿಗೆ ಒಂದೇ ಎಳೆತ ಎಳೆದಳು. ಎಲೆಯೆಲ್ಲ ಅಂಗೈಗೆ ಬಂತು. ಮೊದಲ ಎಳೆತದ ಎಲೆಯನ್ನು ಬಟ್ಟಲಿಗೆ ಹಾಕದೆ ನೆಲಕ್ಕಿಟ್ಟಳು.

ನಯನಳ ಕೈ ನಿಂತುಹೋಯಿತು. ಮೊದಲ ಎಳೆತ ಭೂಮಿಗೆ. ಈ ಮನೆಯ ಹೊರಗೆ ಇದನ್ನು ಯಾರೂ ಮಾಡಿದ್ದು ಅವಳು ಕಂಡಿರಲಿಲ್ಲ.

ಗಿಡ ಸೋಸಿ ಆದ ಮೇಲೆ ಮಜೀದಾ ಯಾರೂ ಹೇಳದೆ ಗುಂಡುಕಲ್ಲನ್ನು ಎತ್ತಿಕೊಂಡಳು. ಅಂಗೈಯಲ್ಲಿ ಹಿಡಿಸುವಷ್ಟು ದೊಡ್ಡ ಕರೀ ಕಲ್ಲು, ಒಂದು ಮಗ್ಗುಲು ಹೆಬ್ಬೆರಳು ಕೂರುವ ಹಾಗೆ ಸವೆದದ್ದು. ಅದರ ಮುಖವನ್ನು ಒಮ್ಮೆ ನೆಲಕ್ಕೆ ಮುಟ್ಟಿಸಿ, ಪಕ್ಕದಲ್ಲಿದ್ದ ಮಜ್ಜಿಗೆಯನ್ನು ಬೊಗಸೆಯಲ್ಲಿ ತಗೊಂಡು ತೊಳೆದು, ನಯನಳ ಕಡೆಗೆ ಚಾಚಿದಳು.

"ಇದನ್ನ ಯಾರು ಕಲ್ಸಿದ್ರು ನಿಮ್ಗೆ?" ನಯನ ಕೇಳಿದಳು.

"ನಮ್ಮ ದಾದಿ, ಅಂದ್ರೆ ಅಪ್ಪನ ಅಮ್ಮ. ನಾನು ಇಷ್ಟುದ್ದ ಇದ್ದೆ." ಮಜೀದಾ ಮಗಳ ಎತ್ತರ ತೋರಿಸಿದಳು. "ಹಬ್ಬಕ್ಕೆ ಗೋರಂಟಿ ಅರೆಯೋವಾಗ ಹಿಂಗೇ ಮಾಡ್ಸೋರು. ತಪ್ಪಾದ್ರೆ ಬೈತಿರ್ಲಿಲ್ಲ, ಇನ್ನೊಂದ್ಸಲ ಅನ್ನೋರು. ದಾದಿನೂ ಮೊದ್ಲು ಈ ಔಷ್ಧ ಕೊಡ್ತಿದ್ರಂತೆ ಅಕ್ಕಾ. ಆಮೇಲೆ ಯಾರಿಗೋ ಅಮಾನತ್ ಕೊಟ್ಬುಟ್ರು, ನಮ್ಮ ಮನೇದು ಈ ಕಡೆ ಹಳ್ಳೀಲಿ ಐತೆ ಅನ್ನೋರು. ಯಾರಿಗೆ ಅಂತ ನಮ್ಗೆ ಗೊತ್ತಿಲ್ಲ. ನಮ್ಮಬ್ಬ ನಗೋರು."

"ಏನು ಹೆಸ್ರು ಅವ್ರುದು?"

"ರಹೀಮಾ."

ಕಲ್ಲು ನಯನಳ ಕೈಯಲ್ಲಿ ತಣ್ಣಗಿತ್ತು. ಆ ಹೆಸರನ್ನು ಅವಳು ದಿನಾ ದೀಪದ ಮುಂದೆ ಕೇಳುತ್ತಿದ್ದಳು. ಸಿದ್ದಪ್ಪನ ಹೆಸರು ಹೇಳಿ, ರಹೀಮಾ ಬೂವಮ್ಮನ ಹೆಸರು ಹೇಳಿಯೇ ಬೋರಮ್ಮ ಔಷಧ ಮುಟ್ಟುತ್ತಿದ್ದಳು. ಆ ಕಥೆ ಇವಳಿಗೆ ಬಾಯಿಪಾಠ. ಬೋರಮ್ಮ ಹರೆಯದಲ್ಲಿ ಗಂಡನ ಜೊತೆ ರಾಮನಗರದ ಮಾರ್ಕೆಟ್ಟಿಗೆ ರೇಷ್ಮೆಗೂಡು ಹಾಕಲು ಹೋದಾಗ ಸೊಂಟದಲ್ಲಿದ್ದ ಮಗುವಿಗೆ, ಈಗಿನ ಬಾಲರಾಜುವಿಗೆ, ಕಾಮಾಲೆ ಏರಿತ್ತು. ನೂಲು ತೆಗೆಯುವ ರೀಲರುಗಳ ಬೀದಿಯ ರಹೀಮಾ ಬೂವಮ್ಮ ಉಳಿಸಿಕೊಟ್ಟಳು. ಬೂವಮ್ಮನ ಮಗನಿಗೋ ಆ ಔಷಧವನ್ನು ಶೀಸೆಗೆ ತುಂಬಿ ಬಸ್‌ಸ್ಟ್ಯಾಂಡಿನಲ್ಲಿ ಮಾರುವ ಆಸೆ. ಸೊಸೆಗೆ ಬಿಸಿನೀರಿನ ತೊಟ್ಟಿಯಲ್ಲಿ ನೂಲು ತೆಗೆದೂ ತೆಗೆದೂ ಬೆರಳ ತುದಿಗೆ ಸ್ಪರ್ಶವೇ ಉಳಿದಿರಲಿಲ್ಲ. ಬೂವಮ್ಮ ಎರಡು ಮಳೆಗಾಲ ಈ ಗುಡ್ಡಕ್ಕೆ ಬಂದು ಬಂದು ಬೋರಮ್ಮನಿಗೆ ಗಿಡ ತೋರಿಸಿ, ಕೊನೆಗೆ ಗುಂಡುಕಲ್ಲನ್ನು ಕೈಗಿಟ್ಟು ಹೇಳಿದ್ದಳಂತೆ: "ಇದು ದಾನ ಅಲ್ಲ ಬೋರಿ, ಅಮಾನತ್. ಜೋಪಾನ ಮಾಡೋಕೆ ಕೊಟ್ಟಿರೋದು. ನನ್ನ ಮನೇಲಿ ಕೈ ಚಾಚೋ ಹೆಣ್ಣೊಂದು ಹುಟ್ಟಿದ್ರೆ ತಿರುಗಿ ಕೊಡ್ಬೇಕು. ಹುಟ್ಟಲಿಲ್ಲ ಅಂದ್ರೆ ನಿನ್ನದೇ."

ಬೂವಮ್ಮ ತೀರಿಕೊಂಡು, ಬೀದಿಯೇ ಚೆದುರಿ, ಆ ಮನೆಯವರು ಎಲ್ಲಿ ಹೋದರೆಂದು ಬೋರಮ್ಮನಿಗೆ ತಿಳಿಯದೆ ಹೋಗಿತ್ತು.

"ಅಕ್ಕಾ," ಮಜೀದಾ ದನಿ ತಗ್ಗಿಸಿದಳು, "ಇದನ್ನ ಕಲ್ಯೋಕಾಗ್ತದಾ? ಹೊರಗಿನೋರಿಗೆ ಹೇಳ್ಕೊಡ್ತಾರಾ? ನಮ್ಮ ಗಲ್ಲಿ ಮಕ್ಳು ನೋಡೋಕಾಗಲ್ಲ."

ನಯನ ಎಲೆಗೆ ಮಜ್ಜಿಗೆ ಹಾಕಿ ಅರೆಯತೊಡಗಿದಳು. ಹನುಮಂತಯ್ಯ ಪಕ್ಕದವನಿಗೆ ತನ್ನೂರಿನ ಕಡೆ ಸೈಟು ಮಾಡಿದವರ ಕಥೆ ಹೇಳುತ್ತಿದ್ದ. ಒಳಗೆ ದೀಪಕ್ಕೆ ಎಣ್ಣೆ ಹಾಕುತ್ತಿದ್ದ ಬೋರಮ್ಮನಿಗೆ ಇದಾವುದೂ ಕೇಳಿರಲಿಲ್ಲ. ಕೇಳಿದ್ದವಳು ಇವಳೊಬ್ಬಳೇ.

ಔಷಧ ಸಿದ್ಧವಾಯಿತು. ಎಂದಿನಂತೆ ಮೊದಲ ಚಿಟಿಕೆಯನ್ನು ಬೋರಮ್ಮ ತನ್ನ ನಾಲಗೆಗೆ ಇಟ್ಟುಕೊಂಡಳು. ತಾನು ತಿನ್ನದ್ದನ್ನು ಇನ್ನೊಬ್ಬರಿಗೆ ತಿನ್ನಿಸುವ ಹಾಗಿಲ್ಲ. ಆಮೇಲೆ ಒಬ್ಬೊಬ್ಬರನ್ನೇ ಕರೆದು, ನೆತ್ತಿಯ ಮೇಲೆ ಕೈಯಿಟ್ಟು ಬಾಯಿಗೆ ಹಾಕಿದಳು. ಜೈನಬ್ ಕಹಿಗೆ ಮುಖ ಕಿವುಚಿತು. "ಉಗುಳ್ಬ್ಯಾಡ ಕಂದಾ, ಗಿಡ ಬೇಜಾರ್ ಮಾಡ್ಕತದೆ," ಅಂದಳು ಬೋರಮ್ಮ. ಮಗು ಗುಟುಕರಿಸಿತು. ಹನುಮಂತಯ್ಯ ಒಂದು ಹರಳು ಉಪ್ಪನ್ನು ಬಾಯಲ್ಲಿಟ್ಟುಕೊಂಡು ಕಣ್ಣು ಮುಚ್ಚಿ ನಿಂತ. ಆಮೇಲೆ ಎಲೆ ಅಡಿಕೆ ಇಟ್ಟು, ನೆಲಕ್ಕೆ ಹಣೆ ಹಚ್ಚಿ ಹೋದ.

ಜಗಲಿ ಖಾಲಿಯಾಯಿತು. ಬಸ್ಸಿಗೆ ಇನ್ನೂ ಹೊತ್ತಿದ್ದುದರಿಂದ ಮಜೀದಾ ಮಾತ್ರ ನಿದ್ದೆ ಹೋದ ಮಗುವಿನ ಜೊತೆ ಅಲ್ಲೇ ಉಳಿದಳು.

"ಕೈಕಾಲು ತೊಳ್ಕಂಡು ಬಾ," ಬೋರಮ್ಮ ಒಳಗಿಂದ ಕರೆದಳು.

ದೇವರ ಗೂಡಿನಲ್ಲಿ ದೀಪ ಉರಿಯುತ್ತಿತ್ತು. ಸಿದ್ದಪ್ಪನ ವಿಭೂತಿಯ ಗಟ್ಟಿ, ಅದರ ಪಕ್ಕದಲ್ಲಿ ರಾಮನಗರದ ದರ್ಗಾದಿಂದ ಬೂವಮ್ಮ ತಂದುಕೊಟ್ಟಿದ್ದ, ಬಣ್ಣ ಹೋದ ಒಂದು ತುಂಡು ಹಸಿರು ಬಟ್ಟೆ. ಮುಂದೆ ತಟ್ಟೆಯಲ್ಲಿ ಗುಂಡುಕಲ್ಲು. ಬೋರಮ್ಮ ಮಡಿ ಸೀರೆಯುಟ್ಟು, ತಂಬಿಗೆ ಹಿಡಿದು ಕೂತಿದ್ದಳು. ನಯನ ಎದುರು ಕೂತು ಎರಡೂ ಕೈ ಚಾಚಿದಳು. ಎಲೆಯ ಹಸಿರು ಗೆರೆಗೆರೆಯಲ್ಲಿ ಇಳಿದಿತ್ತು, ತೊಳೆದರೂ ಹೋಗಿರಲಿಲ್ಲ.

ನೀರು ಬಿಡುವ ಮೊದಲು ಕೇಳಬೇಕಾದ ಒಂದು ಮಾತಿತ್ತು. ಬೂವಮ್ಮ ಕೇಳಿದ್ದನ್ನೇ ಬೋರಮ್ಮ ಕೇಳಿದಳು: "ನಿನಗಿಂತ ಮುಂದೆ ಕೈ ಒಡ್ಡಬೇಕಾದೋರು ಯಾರಾದ್ರೂ ಅವ್ರಾ?"

ಇಲ್ಲ ಅನ್ನಬೇಕು. ಅಷ್ಟೇ ಪದ್ಧತಿ. ಇಲ್ಲ ಅಂದರೆ ನೀರು ಬೀಳುತ್ತದೆ.

ನಯನ ಬಾಯಿ ತೆರೆದಳು. ಮನಸ್ಸು ಸಾವಿರ ನೆವ ತಂದು ಮುಂದಿಟ್ಟಿತು. ಮಜೀದಾ ಕಲಿತದ್ದು ಗೋರಂಟಿ ಅರೆಯುವುದನ್ನು, ಔಷಧವನ್ನಲ್ಲ. ಅವಳಿಗೆ ಗಿಡವೇ ಗೊತ್ತಿಲ್ಲ, ಹಳದಿ ಗೊತ್ತಿಲ್ಲ. ತನ್ನದೆಂದು ಅವಳು ಕೇಳಲೂ ಇಲ್ಲ, ಕಲಿಯಬಹುದೇ ಅಂದಳು, ಅಷ್ಟೆ. ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಕೂತವಳು ನಾನು. ವ್ಯಾನು ಬಿಟ್ಟವಳು ನಾನು. ಇನ್ನರ್ಧ ಗಂಟೆಗೆ ಬಸ್ಸು ಬರುತ್ತದೆ, ಅವಳು ಹೋಗುತ್ತಾಳೆ. ಈ ಗೂಡಿನ ದೀಪಕ್ಕೆ ಬಿಟ್ಟರೆ ಯಾರಿಗೂ ತಿಳಿಯುವುದಿಲ್ಲ.

ಗುಂಡುಕಲ್ಲಿನ ಮೇಲೆ ಮಜ್ಜಿಗೆಯ ತೇವ ಇನ್ನೂ ಆರಿರಲಿಲ್ಲ. ಅದನ್ನು ತೊಳೆದದ್ದು ಮಜೀದಾಳ ಕೈ. ಆ ಸವೆದ ಮಗ್ಗುಲನ್ನು ನೋಡುತ್ತ ನಯನಳಿಗೆ ಒಂದು ವಿಷಯ ಹೊಳೆಯಿತು. ಔಷಧದ ಕೈಯನ್ನು ಬೇರೆಯವರಿಗೆ ಒಪ್ಪಿಸಿಬಿಟ್ಟ ಮುದುಕಿ, ಮಾತು ತಪ್ಪದ ಹಾಗೆ, ಮೊಮ್ಮಗಳಿಗೆ ಹಬ್ಬದ ಗೋರಂಟಿಯಲ್ಲಿ ಕೈಯ ಪಾಠವನ್ನಷ್ಟೇ ಕಲಿಸಿ ಕಾದಿದ್ದಳು. ಎಂದಾದರೂ ಒಂದು ದಿನ ಇದು ಯಾರ ಕಣ್ಣಿಗಾದರೂ ಬೀಳಲಿ ಎಂದು ಕಾದಿದ್ದಳು. ಬಿದ್ದದ್ದು ತನ್ನ ಕಣ್ಣಿಗೆ. ಅತ್ತೆಯ ಕಣ್ಣು ಮಬ್ಬಾಗಿ, ತನ್ನ ಕಣ್ಣು ತೆರೆದಿರುವ ಹೊತ್ತಿನಲ್ಲಿ.

"ಅವ್ರೆ, ಅತ್ತೆ," ಅಂದಳು.

ತಂಬಿಗೆ ಗಾಳಿಯಲ್ಲೇ ನಿಂತಿತು.

"ಜಗ್ಲಿ ಮೇಲೆ ಕೂತವ್ರೆ. ಬೂವಮ್ಮನ ಮೊಮ್ಮಗಳು. ಮೊದ್ಲೆಳೆತ ಭೂಮಿಗಿಟ್ರು. ಕಲ್ಲಿನ ಮುಖ ನೆಲಕ್ಕೆ ಮುಟ್ಸಿದ್ರು. ಕಲೀಬೋದಾ ಅಂತ ಕೇಳುದ್ರು. ನಾನೇ ಉತ್ರ ಕೊಡ್ನಿಲ್ಲ."

ಹೆಂಚಿನಿಂದ ಇಳಿಯುವ ಹನಿಯ ಸದ್ದು ಕೇಳುತ್ತಿತ್ತು. ಬೋರಮ್ಮ ತಂಬಿಗೆ ಕೆಳಗಿಟ್ಟು, ತಡಕಾಡಿ, ಸೊಸೆಯ ಕೈಯನ್ನು ಹುಡುಕಿ ಹಿಡಿದುಕೊಂಡಳು.

"ನೀನು ಸುಮ್ಕಿದ್ದಿದ್ರೆ ನಂಗೆ ಗೊತ್ತಾಯ್ತಿರ್ನಿಲ್ಲ ಕಣೆ."

"ಗೊತ್ತಾಯ್ತಿರ್ನಿಲ್ಲ."

"ನಿಂಗೆ ಒಪ್ಸಬೇಕು ಅಂತ ನಂಗೆಷ್ಟು ಆಸೆ ಇತ್ತು ಗೊತ್ತಾ."

ನಯನ ತಲೆ ತಗ್ಗಿಸಿದಳು. ಅಳು ಬಂದದ್ದು ಆಗಲೇ, ಅದೂ ಸದ್ದಿಲ್ಲದ ಅಳು, ಹೊರಗಿನ ಸೋನೆಯ ಹಾಗೆ. ಬೋರಮ್ಮ ಬೇಡವೆನ್ನಲಿಲ್ಲ. ಮುಗಿಯುವ ತನಕ ಕೈ ಹಿಡಿದುಕೊಂಡೇ ಇದ್ದಳು. ಆಮೇಲೆ, "ಕರ್ಕ ಬಾ," ಅಂದಳು.

ಮಜೀದಾ ಏನು ತಪ್ಪಾಯಿತೋ ಎಂದು ಹೆದರಿಕೊಂಡೇ ಒಳಗೆ ಬಂದಳು. ಬೋರಮ್ಮ ಅವಳ ಮುಖವನ್ನು ಎರಡೂ ಅಂಗೈಯಿಂದ ಸವರಿದಳು. ಹಣೆ, ಕೆನ್ನೆ, ಗದ್ದ. ಗದ್ದದ ಹತ್ತಿರ ಬೆರಳು ನಿಂತಿತು.

"ಇದು ಬೂವಮ್ಮನ ಗದ್ದ," ಅಂದಳು. "ಕೂತ್ಕವ್ವ. ನಿಮ್ಮಜ್ಜಿದು ಒಂದು ನನ್ತಾವ ಉಳ್ಕಂಡೈತೆ."

ಎಲ್ಲವನ್ನೂ ಹೇಳಿದಳು. ಕೇಳುತ್ತ ಕೇಳುತ್ತ ಮಜೀದಾ ಮುಸುಕಿನ ಅಂಚನ್ನು ಬಾಯಿಗೊತ್ತಿಕೊಂಡಳು. ಕೊನೆಗೆ ಅವಳ ಕಣ್ಣು ನಯನಳ ಹಸಿರು ಕೈಗಳ ಮೇಲೆ ಹೋಯಿತು.

"ಬೇಡಮ್ಮಾ. ಅಕ್ಕ ಇಷ್ಟು ವರ್ಷ ಕಷ್ಟ ಬಿದ್ದವ್ರೆ. ನಂಗೆ ಗಿಡನೇ ಗೊತ್ತಿಲ್ಲ."

"ನಂಗೇನು ಗೊತ್ತಿತ್ತೆ? ಬೂವಮ್ಮ ಮಳೇಲಿ ನೆಂದ್ಕಂಡು ಬಂದು ತೋರ್ಸಿದ್ಲು." ಬೋರಮ್ಮ ಸೊಸೆಯ ಕಡೆಗೆ ತಿರುಗಿದಳು. ಆಜ್ಞೆಯ ದನಿಯಾಗಿರಲಿಲ್ಲ ಅದು. ಬೇಡುವ ದನಿ. "ತೋರುಸ್ತೀಯಾ ಮಗಾ?"

ಕೈ ತನ್ನದಲ್ಲ. ಆದರೂ ಕಲಿತದ್ದನ್ನೆಲ್ಲ ಇನ್ನೊಂದು ಕೈಗೆ ಇಳಿಸಿಕೊಡಬೇಕು. ಅವತ್ತು ಕೇಳಿದ್ದರಲ್ಲಿ ಅದೇ ದೊಡ್ಡದು. ನಯನ ದೀಪವನ್ನು ನೋಡಿದಳು. ಬತ್ತಿಯ ತುದಿಯಲ್ಲಿ ಕರಿ ಕಟ್ಟಿತ್ತು. ಹುಷಾರಾಗಿ ಅದನ್ನು ಚಿವುಟಿ ತೆಗೆದಳು.

"ಶನಿವಾರ ಸಂಜೆನೇ ಬರ್ಬೇಕು," ಅಂದಳು ಮಜೀದಾಳಿಗೆ. "ಗಿಡ ಕರ್ಯಾಕೆ. ರಾತ್ರೆ ಇಲ್ಲೇ ಉಳ್ಕಬೇಕಾಯ್ತದೆ."

"ಬರ್ತೀನಿ ಅಕ್ಕಾ."

"ಕಾಸು ಮುಟ್ಟಂಗಿಲ್ಲ. ಶೀಸೆಗೆ ತುಂಬಂಗಿಲ್ಲ. ಮೊದ್ಲು ನೀವು ತಿಂದು ಆಮೇಲೆ ಕೊಡ್ಬೇಕು. ಹಳದಿ ಕಲ್ಯಾತಂಕ ನಾನು ನೋಡಿ ಹೇಳ್ತೀನಿ, ನೀವು ಹಾಕಿ."

ಬೋರಮ್ಮ ತಂಬಿಗೆ ಎತ್ತಿದಳು. ಕೇಳಬೇಕಾದ ಮಾತನ್ನು ಮತ್ತೆ ಕೇಳಿದಳು. ಮಜೀದಾ ನಯನಳ ಮುಖ ನೋಡಿದಳು. ನಯನಳೇ ಅವಳ ಪರವಾಗಿ ಹೇಳಿದಳು: "ಇಲ್ಲ ಅತ್ತೆ. ಇವ್ರಿಗಿಂತ ಮುಂದೆ ಯಾರೂ ಇಲ್ಲ." ನೀರು ಮುದುಕಿಯ ಅಂಗೈಯಿಂದ ಜಾರಿ ಮಜೀದಾಳ ಬೊಗಸೆಗೆ ಬಿತ್ತು. ಅಷ್ಟು ವರ್ಷ ತೆರೆದಿದ್ದ ಕೈಯನ್ನು ಬೋರಮ್ಮ ಸೆರಗಿನಲ್ಲಿ ಒರೆಸಿಕೊಂಡು ಮಡಿಲಿನಲ್ಲಿಟ್ಟುಕೊಂಡಳು.

ದೂರದ ತಿರುವಿನಲ್ಲಿ ಬಸ್ಸಿನ ಹಾರನ್ನು ಕೇಳಿತು. ಮಜೀದಾ ಮಗುವನ್ನು ಎಬ್ಬಿಸಿದಳು. ಜೈನಬ್ ಕಣ್ಣುಜ್ಜಿಕೊಳ್ಳುತ್ತ ಛತ್ರಿ ಬಿಚ್ಚಿತು.

ನಯನ ಗುಂಡುಕಲ್ಲನ್ನು ಅಂಗಳಕ್ಕೆ ತಂದಳು. ಅದರ ಮುಖವನ್ನು ನೆಲಕ್ಕೆ ಮುಟ್ಟಿಸಿದಳು. ಉಳಿದಿದ್ದ ಮಜ್ಜಿಗೆಯಲ್ಲಿ ತೊಳೆದು, ಸೋನೆಯ ಕೆಳಗೆ ಒಂದು ಗಳಿಗೆ ಹಿಡಿದಳು. ಹೆಬ್ಬೆರಳು ತಾನಾಗಿ ಸವೆದ ಜಾಗದಲ್ಲಿ ಹೋಗಿ ಕೂತಿತು. ಮೆಲ್ಲಗೆ ತೆಗೆದಳು. ಸೆರಗಿನಿಂದ ನೀರೊರೆಸಿ, ದೀಪದ ಗೂಡಿನಲ್ಲಿದ್ದ ಆ ಹಸಿರು ಬಟ್ಟೆಯಲ್ಲಿ ಸುತ್ತಿದಳು.

ಮಜೀದಾ ಎರಡೂ ಅಂಗೈ ಜೋಡಿಸಿ ಒಡ್ಡಿದಳು. ನಯನ ಕಲ್ಲನ್ನು ಅದರಲ್ಲಿಟ್ಟಳು.